ಕಲ್ಲು ಕಾದೀತು, ಅಜ್ಜ ಕಾಯಲಾರ

ಕೊಪ್ಪಳ ಜಿಲ್ಲೆಯ ರಸ್ತೆಗಳು ನಮಗೆ ಮುಖ್ಯವಾಗಿ ಎರಡು ವಿಷಯ ಹೇಳುತ್ತವೆ. ಮುಂದಿನ ಊರು ಎಷ್ಟು ಕಿಲೋಮೀಟರ್ ದೂರ ಎಂಬುದು ಒಂದು. ಯಾವ ನಾಯಕರ ಹುಟ್ಟುಹಬ್ಬಕ್ಕೆ ಯಾವ ಅಭಿಮಾನಿ ಬಳಗ ಶುಭಾಶಯ ಕೋರಿದೆ ಎಂಬುದು ಇನ್ನೊಂದು. ಕುಷ್ಟಗಿಯಿಂದ ಕೊಪ್ಪಳಕ್ಕೆ, ಯಲಬುರ್ಗಾದಿಂದ ಕುಕನೂರಿಗೆ, ಗಂಗಾವತಿಯಿಂದ ಆನೆಗೊಂದಿಗೆ ಬಸ್ಸಿನಲ್ಲಿ ಓಡಾಡುವ ನಮ್ಮಂಥ ವಿದ್ಯಾರ್ಥಿಗಳಿಗೆ ಇವೆರಡೂ ಬಾಯಿಪಾಠವಾಗಿವೆ. ಆದರೆ ಬಸ್ಸು ನಿಂತ ನೆಲದಲ್ಲಿ ಹಿಂದೆ ಏನು ನಡೆಯಿತು, ಯಾರು ಯಾತಕ್ಕಾಗಿ ಸತ್ತರು ಎಂದು ಹೇಳುವ ಫಲಕ ಸಿಗುವುದು ಅಪರೂಪ.

ಇದನ್ನು ಬದಲಿಸಬಹುದು, ಬದಲಿಸಲೇಬೇಕು ಎಂಬುದು ನನ್ನ ವಾದ. ದೊಡ್ಡ ಸ್ಮಾರಕ, ಪುತ್ಥಳಿ, ವೃತ್ತ ಯಾವುದೂ ಬೇಡ. ಊರ ಬಸ್ ತಂಗುದಾಣದ ಗೋಡೆಯ ಮೇಲೆ ನಾಲ್ಕು ಸಾಲಿನ ಒಂದು ಕಲ್ಲು ಸಾಕು. ಮತ್ತು ಈ ಕೆಲಸವನ್ನು ಸಾವಿರಾರು ವರ್ಷ ಹಿಂದಿನ ಇತಿಹಾಸದಿಂದ ಶುರು ಮಾಡಬಾರದು, 1947-48ರಿಂದ ಶುರು ಮಾಡಬೇಕು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಓದಲು ಬಾರದ ಫಲಕ

ದಾರಿಬದಿಯಲ್ಲಿ ಬರೆದಿಡುವ ಪದ್ಧತಿ ನಮಗೆ ಹೊಸದಲ್ಲ. ಕೊಪ್ಪಳದಲ್ಲೇ ಅಶೋಕನ ಎರಡು ಶಾಸನಗಳಿವೆ, ಒಂದು ಗವಿಮಠದ ಬಳಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡು ಬಂಡೆಗಳ ಮೇಲೆ ಒಂದು ಚಪ್ಪಟೆ ಬಂಡೆ ಪಲ್ಲಕ್ಕಿಯಂತೆ ಕೂತಿರುವುದರಿಂದ ಅದಕ್ಕೆ ಆ ಹೆಸರು. ಕ್ರಿಸ್ತಪೂರ್ವ ಮೂರನೇ ಶತಮಾನದ ಈ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರ ಸಾರ ಇಷ್ಟು: ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಒಳ್ಳೆಯದನ್ನು ಸಾಧಿಸಬಹುದು, ಗಡಿಯಲ್ಲಿ ಇರುವವರಿಗೂ ಈ ಮಾತು ತಿಳಿಯಲಿ. ಅಂದರೆ ಇದು ಆ ಕಾಲದ ಸರ್ಕಾರಿ ಫಲಕ, ಜನ ಓದಲಿ ಎಂದೇ ಕಡೆಸಿದ್ದು.

ಆದರೆ ಮುಂದೆ ಏನಾಯಿತು ನೋಡಿ. ಬ್ರಾಹ್ಮಿ ಲಿಪಿಯನ್ನು ಓದುವವರೇ ಇಲ್ಲವಾದರು. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದ್ದು 1837ರಲ್ಲಿ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದನ್ನು ಕಂಡವರು ಇತಿಹಾಸಕಾರರಲ್ಲ, ಚಿನ್ನದ ಅದಿರು ಹುಡುಕುತ್ತ ಬಂದಿದ್ದ ಸಿ. ಬೀಡನ್ ಎಂಬ ಎಂಜಿನಿಯರ್. ಕೊಪ್ಪಳದ ಎರಡು ಶಾಸನಗಳು ಪತ್ತೆಯಾಗಿದ್ದು 1931ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ತಲೆಮಾರಿನ ಜನ ಅದೇ ಬೆಟ್ಟ ಹತ್ತಿದ್ದಾರೆ, ಆ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದಾರೆ. ಬರಹ ಕಣ್ಣೆದುರೇ ಇತ್ತು, ಓದುವವರು ಇರಲಿಲ್ಲ.

ಇಂದಿನ ಸ್ಥಿತಿಯೂ ಬಹಳ ಬೇರೆಯಲ್ಲ. ಕೊಪ್ಪಳದ ಹಳೆಯ ಹೆಸರು ಕೊಪಣ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಇದೂ ಒಂದು. ಯಲಬುರ್ಗಾ ಒಂದು ಕಾಲಕ್ಕೆ ಎರಂಬರಗೆ, ಸಿಂದ ಮನೆತನದ ರಾಜಧಾನಿ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದೇ ಕರೆದಿದೆ. ಇದೆಲ್ಲ ಶಾಸನ ಸಂಪುಟಗಳಲ್ಲಿದೆ, ಸಂಶೋಧನಾ ಗ್ರಂಥಗಳಲ್ಲಿದೆ. ನಾವು ಇದನ್ನು ಓದುವುದು ಮಾತ್ರ ಪಿಡಿಒ, ಎಫ್‌ಡಿಎ ಪರೀಕ್ಷೆಗೆಂದು ಧಾರವಾಡದಲ್ಲಿ ರೂಮು ಮಾಡಿ ಕೋಚಿಂಗ್ ನೋಟ್ಸ್ ತಿರುವುವಾಗ. 'ಅಶೋಕನ ಶಾಸನ ದೊರೆತ ಸ್ಥಳಗಳು' ಎಂಬ ಪಟ್ಟಿಯಲ್ಲಿ ನಮ್ಮ ಬೆಟ್ಟದ ಹೆಸರು ಒಂದು ಅಂಕದ ಉತ್ತರವಾಗಿ ಸಿಗುತ್ತದೆ.

ಎಚ್ಚರಿಕೆ ಇದೆ, ವಿಷಯ ಇಲ್ಲ

ಸಂರಕ್ಷಿತ ಸ್ಮಾರಕಗಳ ಮುಂದೆ ನಿಲ್ಲುವ ನೀಲಿ ಫಲಕವನ್ನು ಎಲ್ಲರೂ ನೋಡಿದ್ದೇವೆ. 1958ರ ಕಾಯ್ದೆಯಡಿ ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಹಾಳುಮಾಡಿದರೆ ಇಷ್ಟು ಶಿಕ್ಷೆ, ಇಷ್ಟು ದಂಡ ಎಂದು ಅದು ತಿಳಿಸುತ್ತದೆ. ಕಾನೂನಿಗೆ ಅದು ಬೇಕು, ತಕರಾರಿಲ್ಲ. ಆದರೆ ದೇಶದಲ್ಲೆಲ್ಲ ಒಂದೇ ಒಕ್ಕಣೆಯ ಆ ಫಲಕ ಓದಿದವನಿಗೆ ಕಲ್ಲು ಮುಟ್ಟಬಾರದು ಎಂದು ಗೊತ್ತಾಗುತ್ತದೆ. ಯಾಕೆ ಮುಟ್ಟಬಾರದು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಬಗೆಯ ಫಲಕ ಜನಸಂದಣಿಯ ಹಿಂದೆ ಹೋಗುತ್ತದೆ. ಅಂಜನಾದ್ರಿಗೆ ದಾರಿ ಕೇಳಬೇಕಾಗಿಲ್ಲ, ಭಕ್ತರು ಸಾಲುಗಟ್ಟಿ ಬರುತ್ತಾರೆ, ಬರಲಿ. ಅದೇ ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾಗೋರಿಗಳಿವೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಗಂಗಾವತಿಯಲ್ಲಿ ಓದುವ ಎಷ್ಟು ಜನ ಆ ಗುಡ್ಡ ಹತ್ತಿದ್ದೇವೆ? ಕೈ ಎತ್ತಿ ಎಂದರೆ ಎಣಿಸಲು ಬೆರಳು ಸಾಕಾದೀತು.

ಹಳೆಗಾಲದವರು ಈ ವಿಷಯದಲ್ಲಿ ನಮಗಿಂತ ಜಾಣರು. ವೀರಗಲ್ಲನ್ನು ನೆನಪಿಸಿಕೊಳ್ಳಿ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೂ ಒಂದು ಕಲ್ಲು ನಿಲ್ಲುತ್ತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಕೈಲಾಸ. ಅಕ್ಷರ ಬಾರದವನಿಗೂ ಚಿತ್ರ ನೋಡಿ ಕಥೆ ತಿಳಿಯುತ್ತಿತ್ತು. ಅದು ನಿಲ್ಲುತ್ತಿದ್ದುದು ಜನ ಓಡಾಡುವ ಕಡೆಯೇ, ಕೆರೆ ದಂಡೆ, ಗುಡಿಯ ಮುಂದೆ, ಊರ ಬಾಗಿಲಲ್ಲಿ. ರಾಜನಿಗೆ ಮಾತ್ರ ಮೀಸಲಾದ ಗೌರವ ಅದಾಗಿರಲಿಲ್ಲ.

ಈಗ ಕಲ್ಲಿನ ಮೇಲೆ ಯಾರ ಹೆಸರಿರುತ್ತದೆ? ಶಂಕುಸ್ಥಾಪನೆ ಮಾಡಿದವರದು, ಉದ್ಘಾಟಿಸಿದವರದು, ಅಧ್ಯಕ್ಷತೆ ವಹಿಸಿದವರದು. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ನಮ್ಮ ಮುನಿರಾಬಾದ್ ದಡದಲ್ಲಿ ಶಂಕುಸ್ಥಾಪನೆ ಮಾಡಿದವರು ಹೈದರಾಬಾದಿನ ಬೇರಾರ್ ಯುವರಾಜ, ಆಚೆ ದಡದಲ್ಲಿ ಮದ್ರಾಸಿನ ಗವರ್ನರ್. ಅದು ದಾಖಲಾಗಿದೆ. ಆದರೆ ಆ ನೀರಿನಡಿ ಹೋದ ಹತ್ತಾರು ಹಳ್ಳಿಗಳ ಹೆಸರನ್ನು, ನೀರಾವರಿಯ ಭತ್ತ ಉಣ್ಣುವ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ತಂಡವನ್ನು ಮುನ್ನಡೆಸಿದವರು ಕನ್ನಯ್ಯ ನಾಯ್ಡು. ಅವರ ಹೆಸರು ಪತ್ರಿಕೆಗಳಲ್ಲಿ ಬಂತು. ಅವರೊಂದಿಗೆ ಸೆಳವಿನ ಮೇಲೆ ನಿಂತು ಕೆಲಸ ಮಾಡಿದ ವೆಲ್ಡರ್, ಕ್ರೇನ್ ಆಪರೇಟರ್‌ಗಳ ಹೆಸರು ಹತ್ತು ವರ್ಷದ ನಂತರ ಯಾರಿಗೆ ನೆನಪಿರುತ್ತದೆ? ಎಂಜಿನಿಯರಿಂಗ್ ಓದುವ ನನಗೆ ಇದು ಕಾಡುವ ಪ್ರಶ್ನೆ. ಇತಿಹಾಸ ಎಂದರೆ ಹಳೆಯದಷ್ಟೇ ಅಲ್ಲ, ಮೊನ್ನೆ ನಡೆದದ್ದೂ ಬರೆದಿಡದಿದ್ದರೆ ಹೋಗಿಬಿಡುತ್ತದೆ.

ಹದಿಮೂರು ತಿಂಗಳ ಕಥೆ

ಈಗ 1947-48ರ ವಿಷಯಕ್ಕೆ ಬರುತ್ತೇನೆ. ಆಗಸ್ಟ್ 15ಕ್ಕೆ ದೇಶ ಸ್ವತಂತ್ರವಾಯಿತು, ನಾವು ಆಗಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮುಂಡರಗಿ, ಗಜೇಂದ್ರಗಡಗಳು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಬೀಗರ ಮನೆಗೆ ಹೋಗುವಷ್ಟು ದೂರದಲ್ಲಿ ಒಂದು ಕಡೆ ತ್ರಿವರ್ಣ ಧ್ವಜ, ಇನ್ನೊಂದು ಕಡೆ ಅದನ್ನು ಹಾರಿಸಿದರೆ ಜೈಲು. ರಜಾಕಾರರ ಹಾವಳಿಗೆ ಹೆದರಿ ಜನ ಗಡಿ ದಾಟಿದರು. ಅದೇ ಗಡಿಯ ಆಚೆ ಹೋರಾಟದ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳಾದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿ ಎಂಬ ಲೋಕಸಭಾ ಕ್ಷೇತ್ರವೇ ಇತ್ತು. ಅಲ್ಲಿಂದ ಪಕ್ಷೇತರರಾಗಿ ಗೆದ್ದವರು ಇದೇ ಶಿವಮೂರ್ತಿ ಸ್ವಾಮಿಗಳು.

ಇದು ನಮಗೆ ದೂರದ ಕಥೆಯಲ್ಲ. ನಮ್ಮಲ್ಲಿ ಹೆಚ್ಚಿನವರು ಸೀಟು ಪಡೆದದ್ದು, ಈಗ ನೌಕರಿಗೆ ಅರ್ಜಿ ಹಾಕುತ್ತಿರುವುದು 371(ಜೆ) ಪ್ರಮಾಣಪತ್ರ ಹಿಡಿದುಕೊಂಡು. ಈ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ನಮಗೆ ಮೀಸಲು. 2012ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿಯ ಹಿಂದೆ ಇರುವುದು ಇದೇ ಚರಿತ್ರೆ: ನಿಜಾಮರ ಕಾಲದಿಂದ ಹಿಂದೆ ಬಿದ್ದ ಸೀಮೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಹಿಂದೆಯೇ ಉಳಿದ ಸೀಮೆ. ಬೆಂಗಳೂರಿನ ಸಹಪಾಠಿ 'ನಿಮಗ್ಯಾಕೆ ಬೇರೆ ಕೋಟಾ?' ಎಂದು ಕೇಳಿದಾಗ ನಮ್ಮಲ್ಲಿ ಬಹಳಷ್ಟು ಜನ ತಡವರಿಸುತ್ತೇವೆ. ಪ್ರಮಾಣಪತ್ರ ಕೈಯಲ್ಲಿದೆ, ಕಾರಣ ಬಾಯಲ್ಲಿಲ್ಲ.

ಮತ್ತು ಇಲ್ಲೇ ಅವಸರದ ವಿಷಯ ಇರುವುದು. ಇಟಗಿಯ ಕಲ್ಲು ಒಂಬೈನೂರು ವರ್ಷ ನಿಂತಿದೆ, ಇನ್ನೂ ಹತ್ತು ವರ್ಷ ತಡವಾಗಿ ಫಲಕ ಹಾಕಿದರೂ ನಿಂತಿರುತ್ತದೆ. ಆದರೆ 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೇಳು, ಎಂಬತ್ತೆಂಟು. ನಮ್ಮ ಓಣಿಯ ಹಿರಿಯರೊಬ್ಬರು, ಜೋಳವನ್ನೆಲ್ಲ ಹಗೇವಿಗೆ ಇಳಿಸಿ ಬಾಯಿ ಮುಚ್ಚಿ, ರಾತ್ರೋರಾತ್ರಿ ಚಕ್ಕಡಿ ಕಟ್ಟಿಕೊಂಡು ಗಡಿ ದಾಟಿದ್ದನ್ನು ಹೇಳುತ್ತಿದ್ದರು. ಎತ್ತಿನ ಕೊರಳ ಗಂಟೆಗೆ ಅರಿವೆ ಸುತ್ತಿದ್ದರಂತೆ, ಸಪ್ಪಳ ಆಗಬಾರದು ಅಂತ. ಯಾವ ದಾರಿಯಲ್ಲಿ ಹೋದರು, ಆಚೆ ಊರಲ್ಲಿ ಯಾರು ಜಾಗ ಕೊಟ್ಟರು, ಎಷ್ಟು ತಿಂಗಳು ಇದ್ದರು ಎಂಬುದು ಅವರ ಜೊತೆಗೇ ಹೋಯಿತು. ಇಂಥ ಹಿರಿಯರು ನಿಮ್ಮ ಊರಲ್ಲೂ ಇದ್ದಾರೆ, ಅಥವಾ ಕಳೆದ ವರ್ಷದವರೆಗೆ ಇದ್ದರು.

ಹೊಗಳಿಕೆ ಬೇಡ, ಲೆಕ್ಕ ಬೇಕು

ಇದನ್ನು ಸ್ನೇಹಿತರೊಂದಿಗೆ ಮಾತಾಡಿದಾಗ ಎರಡು ಆಕ್ಷೇಪ ಬಂದವು. ಮೊದಲನೆಯದು: 'ನೌಕರಿ ಇಲ್ಲದೆ ಕುಂತೀವಿ, ಕಲ್ಲು ತಗೊಂಡು ಏನ್ ಮಾಡೋದಲೇ?' ನಿಜ, ಫಲಕ ನೌಕರಿ ಕೊಡುವುದಿಲ್ಲ. ಆದರೆ ಒಂದು ಕೆಲಸ ಇನ್ನೊಂದಕ್ಕೆ ಅಡ್ಡಿಯಲ್ಲ. ಬಸ್ಸಿಗಾಗಿ ತಾಸುಗಟ್ಟಲೆ ಕಾಯುವ ನಮಗೆ ಗೋಡೆಯ ಮೇಲೆ ಓದಲು ಇರುವುದು ಕೋಚಿಂಗ್ ಸೆಂಟರಿನ ಜಾಹೀರಾತು. ಅದರ ಪಕ್ಕ ನಾಲ್ಕು ಸಾಲು ಚರಿತ್ರೆ ಇದ್ದರೆ ಯಾರ ಹೊಟ್ಟೆಗೂ ಕಲ್ಲು ಬೀಳುವುದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ರಜಾಕಾರರ ವಿಷಯ ಎತ್ತಿದರೆ ಊರೊಳಗೆ ಹಿಂದೂ-ಮುಸ್ಲಿಂ ಜಗಳಕ್ಕೆ ಕಡ್ಡಿ ಗೀರಿದಂತೆ ಆಗುವುದಿಲ್ಲವೇ? ಆಗಬಹುದು, ಅರ್ಧ ಬರೆದರೆ. ಪೂರ್ತಿ ಬರೆದರೆ ಹಾಗೆ ಆಗುವುದು ಕಷ್ಟ. ರಜಾಕಾರರ ವಿರುದ್ಧ ಬರೆದು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಅವರಿಂದಲೇ ಕೊಲೆಯಾದ ಪತ್ರಕರ್ತನ ಹೆಸರು ಶೋಯಬುಲ್ಲಾ ಖಾನ್. ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಅಮಾಯಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ದಾಖಲಿಸಿತು, ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಬಾಯಿಮಾತಿನಲ್ಲಿ ಮಾತ್ರ ಉಳಿದ ಇತಿಹಾಸ ಹೇಳುವವರ ಸಿಟ್ಟಿಗೆ ತಕ್ಕಂತೆ ಬೆಳೆಯುತ್ತದೆ. ಹೆಸರು, ದಿನಾಂಕ, ಸ್ಥಳ, ಆಧಾರ ನಾಲ್ಕನ್ನೂ ಬರೆದ ಕಲ್ಲು ಹಾಗೆ ಬೆಳೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಚರಿತ್ರೆಗಿಂತ ಗೋಡೆಯ ಮೇಲಿನ ಕಲ್ಲು ಒಳ್ಳೆಯದು, ಯಾಕೆಂದರೆ ತಪ್ಪಿದ್ದರೆ ಊರೆಲ್ಲ ಸೇರಿ ತೋರಿಸಬಹುದು.

ಆದ್ದರಿಂದ ಫಲಕದ ಭಾಷೆ ಮುಖ್ಯ. 'ಅಪ್ರತಿಮ', 'ಕೆಚ್ಚೆದೆಯ', 'ಅಜರಾಮರ' ಎಂಬ ಪದಗಳು ಬೇಡ. ಜನ ಹೇಳುವ ಕಥೆ ಮತ್ತು ದಾಖಲೆ ಹೇಳುವ ಸಂಗತಿ ಬೇರೆ ಬೇರೆಯಾಗಿ ಇರಬೇಕು. ಗಂಗಾವತಿ ಭಾಗದ ಕುಮ್ಮಟದುರ್ಗದ ಗಂಡುಗಲಿ ಕುಮಾರರಾಮನ ಬಗ್ಗೆ ಜನಪದದಲ್ಲಿ ನೂರು ಕಥೆಗಳಿವೆ. ಚರಿತ್ರೆ ಹೇಳುವುದು ಕಂಪಿಲಿ ರಾಜ್ಯ 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯಕ್ಕೆ ಬಿದ್ದಿತು ಎಂದು. ಎರಡೂ ಬೇಕು, ಆದರೆ ಯಾವುದು ಯಾವುದೆಂದು ಓದುಗನಿಗೆ ಗೊತ್ತಾಗಬೇಕು. ಕೊಪ್ಪಳ ಕೋಟೆಯಲ್ಲಿ 1858ರಲ್ಲಿ ಬ್ರಿಟಿಷರೊಂದಿಗೆ ಕಾದಾಡಿ ಸತ್ತ ಮುಂಡರಗಿ ಭೀಮರಾವ್ ಮತ್ತು ಹಮ್ಮಿಗಿ ಕೆಂಚನಗೌಡರ ಹೆಸರು ಉಳಿದಿದೆ. ಅವರ ಜೊತೆ ಕೋಟೆಯೊಳಗೆ ಇದ್ದವರು ಯಾರು, ಯಾವ ಊರಿನವರು? ಅಂಥವರ ಹೆಸರು ಒಂದೊಂದು ಸಿಕ್ಕರೂ ಅದನ್ನು ಕಲ್ಲಿಗೆ ಏರಿಸುವುದೇ ಈ ಕೆಲಸದ ಸಾರ್ಥಕತೆ.

ಒಂದು ಮಾದರಿ ಕೊಡುತ್ತೇನೆ. ಮುಂಡರಗಿಯಿಂದ ಅಳವಂಡಿಗೆ ಬರುವ ದಾರಿಯಲ್ಲಿ ಹೀಗೊಂದು ಕಲ್ಲು ನಿಲ್ಲಬಹುದು: 'ಇಲ್ಲಿ ಎರಡು ಸರ್ಕಾರಗಳ ಗಡಿ ಇತ್ತು. ಪಶ್ಚಿಮಕ್ಕೆ ಮುಂಬೈ ಪ್ರಾಂತ್ಯ, ಪೂರ್ವಕ್ಕೆ ನಿಜಾಮರ ಹೈದರಾಬಾದ್. 1947ರ ಆಗಸ್ಟ್ 15ರಂದು ಪಶ್ಚಿಮದ ಊರುಗಳು ಸ್ವತಂತ್ರವಾದವು. ಪೂರ್ವದ ಊರುಗಳು 1948ರ ಸೆಪ್ಟೆಂಬರ್ 17ರವರೆಗೆ ಕಾದವು. ಆ ಹದಿಮೂರು ತಿಂಗಳಲ್ಲಿ ಜನ ಈ ದಾರಿಯಲ್ಲಿ ಗಡಿ ದಾಟಿದರು.' ಇಷ್ಟೇ. ಓದಲು ಅರ್ಧ ನಿಮಿಷ ಸಾಕು.

ಬೇರೆಯವರು ಮಾಡಿದ್ದಾರೆ

ಜರ್ಮನಿಯಲ್ಲಿ ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಒಂದು ಕೆಲಸ ಶುರು ಮಾಡಿದ. ನಾಜಿಗಳಿಗೆ ಬಲಿಯಾದವರು ಕೊನೆಯದಾಗಿ ಇದ್ದ ಮನೆಯ ಮುಂದಿನ ಪಾದಚಾರಿ ದಾರಿಯಲ್ಲಿ, ಅಂಗೈಯಗಲದ ಹಿತ್ತಾಳೆ ತಗಡಿನ ಕಲ್ಲು ಹೂಳುವುದು. ಅದರ ಮೇಲೆ ಹೆಸರು, ಹುಟ್ಟಿದ ವರ್ಷ, ಏನಾಯಿತು ಎಂಬುದು ಮಾತ್ರ. ಇಂದು ಯುರೋಪಿನಾದ್ಯಂತ ಅಂಥ ಒಂದು ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ. ಎಷ್ಟೋ ಕಡೆ ಆ ಹೆಸರುಗಳನ್ನು ಹುಡುಕಿ ತೆಗೆದವರು ಶಾಲೆಯ ಮಕ್ಕಳು.

ಅಷ್ಟು ದೂರ ಬೇಡ ಎಂದರೆ ಬೆಂಗಳೂರು ನೋಡಿ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆದಾಗ ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಸಿಕ್ಕಿತು, ಕಿಟ್ಟಯ್ಯ ಎಂಬ ವೀರನದು. ಅದನ್ನು ಉಳಿಸಿ ಮಂಟಪ ಕಟ್ಟಲು ಮುಂದಾದವರು ಶಾಸನಗಳ ಹುಚ್ಚು ಹಿಡಿಸಿಕೊಂಡ ಎಂಜಿನಿಯರ್ ಉದಯಕುಮಾರ್ ಮತ್ತು ಅವರ ಸಂಗಡಿಗರು. ಮಿಥಿಕ್ ಸೊಸೈಟಿಯ ಮೂಲಕ ಬೆಂಗಳೂರು ಸುತ್ತಲಿನ ಶಾಸನಗಳ ಥ್ರೀಡಿ ಸ್ಕ್ಯಾನ್ ನಡೆದಿದೆ. ಸವೆದ ಅಕ್ಷರವೂ ಅದರಲ್ಲಿ ಕಾಣುತ್ತದೆ. ಬಿಇ ಓದುವ ನಮಗೆ ಸರ್ವೇ ಬರುತ್ತದೆ, ಕ್ಯಾಡ್ ಬರುತ್ತದೆ, ಜಿಪಿಎಸ್ ಬರುತ್ತದೆ. ಪ್ರಾಜೆಕ್ಟ್ ವಿಷಯ ಸಿಗದೆ ಸೀನಿಯರ್‌ಗಳ ವರದಿಯನ್ನೇ ನಕಲು ಮಾಡುವ ಬದಲು ನಮ್ಮ ತಾಲ್ಲೂಕಿನ ವೀರಗಲ್ಲುಗಳ ನಕ್ಷೆ ಮಾಡಬಹುದಲ್ಲ?

ಏನು ಮಾಡಬಹುದು?

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಕುಷ್ಟಗಿ-ಇಳಕಲ್ ಸೀಮೆಯ ಕೆಂಪು ಗ್ರಾನೈಟ್ ಹೊರದೇಶದ ಕಟ್ಟಡಗಳಿಗೆ ಹೋಗುತ್ತದೆ. ಪಾಲಿಷ್ ಫ್ಯಾಕ್ಟರಿಯ ಹಿಂದೆ ಬಿದ್ದ ತುಂಡುಗಳೇ ನೂರು ಫಲಕಕ್ಕೆ ಸಾಕಾದೀತು. ಕೆತ್ತುವ ಖರ್ಚನ್ನು ಗ್ರಾಮ ಪಂಚಾಯಿತಿ ಅಥವಾ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸುವುದು ದೊಡ್ಡ ಮಾತಲ್ಲ. ಹೆದ್ದಾರಿಯ ಅಂಚಿಗೆ ನೆಡುವುದು ಬೇಡ. ನೂರರ ವೇಗದಲ್ಲಿ ಹೋಗುವವನು ಓದಲಾರ, ಓದಲು ಹೋದರೆ ಅಪಘಾತ. ಜನ ನಿಂತಿರುವ ಕಡೆ ಹಾಕಬೇಕು, ಅಂದರೆ ಬಸ್ ತಂಗುದಾಣ, ಸಂತೆ ಮಾಳ, ಶಾಲೆಯ ಕಂಪೌಂಡು.

ಕಷ್ಟದ ಕೆಲಸ ಬರೆಯಬೇಕಾದ ವಿಷಯವನ್ನು ಒಟ್ಟು ಮಾಡುವುದು. ಅದಕ್ಕೆ ಹಣ ಬೇಕಿಲ್ಲ, ನಾವು ಬೇಕು. ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿಗೆ ಹೋದಾಗ ಕಸ ಗುಡಿಸುವ ಫೋಟೊ ತೆಗೆಸಿಕೊಳ್ಳುತ್ತೇವೆ. ಜೊತೆಗೆ ಊರಿನ ಅತಿ ಹಿರಿಯರ ಮುಂದೆ ಮೊಬೈಲ್ ರೆಕಾರ್ಡರ್ ಇಟ್ಟು ಒಂದು ತಾಸು ಕೂಡೋಣ. 'ಅಜ್ಜಾ, ರಜಾಕಾರರ ಕಾಲಕ್ಕ ನೀವು ಎಲ್ಲಿದ್ರಿ? ಯಾವ ದಾರಿ ಹಿಡಿದು ಹೋದ್ರಿ? ಜೊತಿಗೆ ಯಾರಿದ್ರು?' ಎಂದು ಕೇಳೋಣ. ಅಜ್ಜಿಯರನ್ನು ಬಿಡದೆ ಕೇಳೋಣ, ಯಾಕೆಂದರೆ ಹೊಲಮನೆ ಬಿಟ್ಟು ಹೋದ ಕಾಲದಲ್ಲಿ ಒಲೆ ಹಚ್ಚಿ ಮಕ್ಕಳನ್ನು ಸಾಕಿದವರು ಅವರು, ಇದುವರೆಗೆ ಅವರನ್ನು ಕೇಳಿದವರು ಕಡಿಮೆ. ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಮಾತಿನೊಂದಿಗೆ, ಹಳೆಯ ಕಾಗದಪತ್ರದೊಂದಿಗೆ ತಾಳೆ ನೋಡೋಣ. ಇತಿಹಾಸದ ಉಪನ್ಯಾಸಕರಿಗೆ ತೋರಿಸಿ ತಿದ್ದಿಸೋಣ. ಆಮೇಲೆ ಪಂಚಾಯಿತಿಗೆ ಅರ್ಜಿ ಕೊಡೋಣ.

ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರುತ್ತದೆ, ಭಾಷಣವಾಗುತ್ತದೆ, ಸಿಹಿ ಹಂಚುತ್ತಾರೆ. ಮುಂದಿನ ಉತ್ಸವದೊಳಗೆ ಎಲ್ಲ ತಾಲ್ಲೂಕಿನ ನಾವು, ಒಂದೊಂದು ಕಾಲೇಜಿನಿಂದ ಹತ್ತು ಹತ್ತು ಹಿರಿಯರ ಮಾತನ್ನಾದರೂ ದಾಖಲಿಸಿದರೆ ಫಲಕದ ಮೇಲೆ ಬರೆಯಲು ನಮ್ಮ ಬಳಿ ಏನಾದರೂ ಇರುತ್ತದೆ. ಕಲ್ಲು ಕೆತ್ತುವುದು ಒಂದು ವರ್ಷ ತಡವಾದರೂ ನಡೆದೀತು. ಕೇಳುವ ಕೆಲಸ ಈ ರಜೆಯಲ್ಲೇ ಆಗಬೇಕು.